ದರಕಿನ ಮೇಲೆ ಹನಿದ ಎಣ್ಣೆ

ಶಿರಸಿ ಕಡೆಯ ಹಳ್ಳಿಗಳಲ್ಲಿ ಲೈನ್ ಕೆಲಸಕ್ಕೆ ಸೇರಿದ ಎರಡನೇ ವರ್ಷ. ಮಾರ್ಚ್ ತಿಂಗಳು, ಅಡಿಕೆ ತೋಟಕ್ಕೆ ನೀರು ಬಿಡುವ ಕಾಲ. ತ್ರೀಫೇಸ್ ಬಂದ ಕೂಡಲೇ ಪಂಪುಗಳೆಲ್ಲ ಒಟ್ಟಿಗೆ ಶುರುವಾಗಿ ಟಿಸಿ (ಕಂಬದ ಮೇಲಿನ, ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್) ಕಾದು ಗುಂಯ್ಗುಡುತ್ತಿತ್ತು.

"ತಮಾ, ಎಣ್ಣೆ ಹನಿತಾ ಇದ್ದು ನೋಡು" ಎಂದು ತೋಟದ ಯಜಮಾನರು ಎರಡು ಸಲ ಹೇಳಿದ್ದರು. ತಂತಿ ಟ್ಯಾಂಕಿನೊಳಗೆ ಹೋಗುವಲ್ಲಿರುವ ಪಿಂಗಾಣಿ ಬುಶಿಂಗ್ ಬುಡದಲ್ಲಿ ಎಣ್ಣೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಒಣಗಿ ಸೆಟೆದಿತ್ತು. "ಸುಮಾರು 140 ಡಿಗ್ರಿ ಕಾಯದೆ ಈ ಎಣ್ಣೆಯ ಆವಿಗೆ ಬೆಂಕಿ ಹತ್ತೋದಿಲ್ಲ, ಹೆದರಬೇಡಿ" ಎಂದುಬಿಟ್ಟೆ. ತರಬೇತಿಯಲ್ಲಿ ಕಲಿತ ಮಾತು, ಸುಳ್ಳೇನಲ್ಲ. ಆದರೆ ಎಣ್ಣೆ ಎಲ್ಲಿ ಬೀಳುತ್ತಿದೆ ಎಂದು ನಾನು ಬಗ್ಗಿ ನೋಡಲಿಲ್ಲ.

ಬೀಳುತ್ತಿದ್ದದ್ದು ದರಕಿನ, ಅಂದರೆ ಉದುರಿದ ಒಣ ಎಲೆಗಳ, ರಾಶಿಯ ಮೇಲೆ. ಕೊಟ್ಟಿಗೆಗೆಂದು ಗುಡಿಸಿ ತಂದದ್ದನ್ನು ಕಂಬದ ಬುಡದಲ್ಲಿ ಒಟ್ಟಿದ್ದರು. ಒಂದು ಮಧ್ಯಾಹ್ನ ಮೇಲಿನ ಎಚ್‌ಜಿ ಫ್ಯೂಸ್ (ಮೇಲಿನ ಲೈನಿನ ಕಡೆಯ ಬಯಲು ತಂತಿಯ ಫ್ಯೂಸ್) ಹೋಗಿ, ಕರಗಿದ ತಂತಿಯ ಕಿಡಿ ನೇರ ಅದರ ಮೇಲೆ ಉದುರಿತು. ಬರೀ ದರಕಾಗಿದ್ದರೆ ಭಗ್ಗೆಂದು ಉರಿದು ತಣ್ಣಗಾಗುತ್ತಿತ್ತು. ಇದು ಎಣ್ಣೆ ಕುಡಿದ ದರಕು. ಹಣತೆಯಲ್ಲಿ ಎಣ್ಣೆಯೊಂದೇ ಇದ್ದರೆ ದೀಪ ಹತ್ತುವುದಿಲ್ಲ, ಬತ್ತಿ ಬೇಕು. ಇಲ್ಲಿ ಒಂದೊಂದು ಎಲೆಯೂ ಬತ್ತಿಯಾಗಿತ್ತು. ಕಪ್ಪು ಹೊಗೆ, ಆಳೆತ್ತರದ ಉರಿ.

ಕೊಡದಲ್ಲಿ ನೀರು ಹಿಡಿದು ಓಡಿ ಬಂದ ಹುಡುಗನನ್ನು ಕೂಗಿ ನಿಲ್ಲಿಸಿದೆ. ಮೇಲೆ 11 ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ ಲೈನು. ಮೇಲಾಗಿ ನೀರು ಹೊಯ್ದರೆ ಉರಿಯುವ ಎಣ್ಣೆ ಅದರ ಮೇಲೆ ತೇಲಿಕೊಂಡು ಹರಡುತ್ತದೆ. ಮೊದಲು ಜಿಒಎಸ್ (ಮೂರೂ ತಂತಿಯನ್ನು ಒಟ್ಟಿಗೆ ಕಡಿಯುವ ಕಂಬದ ಸ್ವಿಚ್ಚು) ಎಳೆದು ಲೈನ್ ಬಂದ್ ಮಾಡಿದೆ. ಆಮೇಲೆ ಎಲ್ಲರೂ ಸೇರಿ ಬುಟ್ಟಿ ಬುಟ್ಟಿ ಒಣಮಣ್ಣು ಎರಚಿದೆವು. ಉರಿ ಟ್ಯಾಂಕಿಗೆ ತಾಗುವ ಮೊದಲೇ ಆರಿತು.

ಟ್ಯಾಂಕಿನೊಳಗೇ ಬೆಂಕಿ ಹುಟ್ಟುವುದು ಬೇರೆ ಬಗೆ. ನಮ್ಮ ಮಳೆಗಾಲದ ತೇವ ಒಳಸೇರಿದರೆ ಎಣ್ಣೆಯ ವಿದ್ಯುತ್ ತಡೆಯುವ ಶಕ್ತಿ ಕುಗ್ಗುತ್ತದೆ. ಒಳಗೆ ಆರ್ಕ್ (ವಿದ್ಯುತ್ ಕಿಡಿ) ಹೊಡೆದರೆ ಎಣ್ಣೆ ಒಡೆದು ಹೈಡ್ರೋಜನ್, ಅಸಿಟಿಲೀನ್ ಅನಿಲಗಳಾಗಿ ಒತ್ತಡ ಏರುತ್ತದೆ. ಟ್ಯಾಂಕ್ ಬಿರಿದರೆ ಸುಡುವ ಎಣ್ಣೆ ಸುತ್ತಲೂ ಸಿಡಿಯುತ್ತದೆ. ಅದಕ್ಕೇ ಬ್ರೀದರಿನಲ್ಲಿ, ಅಂದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿಯಲ್ಲಿ, ತೇವ ಹೀರಲು ಇಟ್ಟ ನೀಲಿ ಸಿಲಿಕಾ ಜೆಲ್ ಹರಳು ತೇವ ತುಂಬಿ ಗುಲಾಬಿಗೆ ತಿರುಗಿದ್ದು ಕಂಡರೆ ಆ ವಾರವೇ ಬದಲಿಸುತ್ತೇನೆ. ಕುಮಟಾ, ಕಾರವಾರದ ಕಡೆ ಇದರ ಜೊತೆಗೆ ಬುಶಿಂಗ್ ಮೇಲೆ ಕೂರುವ ಉಪ್ಪನ್ನೂ ಒರೆಸಬೇಕು.

ಮರುದಿನ ಗ್ಯಾಸ್ಕೆಟ್ ಹಾಕಿ, ಕಂಬದ ಬುಡದ ಕಪ್ಪು ಮಣ್ಣನ್ನು ಎಣ್ಣೆಯ ವಾಸನೆ ನಿಲ್ಲುವವರೆಗೂ ಕೆರೆದು ತೆಗೆದೆವು. ಗುದ್ದಲಿ ಹಿಡಿದು ಜೊತೆಗೆ ನಿಂತವರು ಅದೇ ಯಜಮಾನರು.