ಇಡೀ ವಾರ್ಡಿಗೆ ಒಂದೇ ಉಸಿರು

ಜುಲೈ ತಿಂಗಳ ನೈಟ್ ಡ್ಯೂಟಿ. ಕೊಡಗಿನ ಮಳೆ ಗೊತ್ತಲ್ಲ, ಮೂರು ದಿನದಿಂದ ಬಿಟ್ಟಿರಲಿಲ್ಲ. ಕರೆಂಟ್ ಹೋಗಿ ಜನರೇಟರ್‌ನಲ್ಲಿ ವಾರ್ಡ್ ನಡೆಯುತ್ತಿತ್ತು. ಕಾಫಿ ತೋಟದ ಲೈನ್ ಮನೆಯಿಂದ ಒಬ್ಬರು ಜ್ವರ, ಮೈಕೈ ನೋವು ಅಂತ ಅಡ್ಮಿಟ್ ಆಗಿದ್ದರು. ರಾತ್ರಿ ಹನ್ನೊಂದರ ಹೊತ್ತಿಗೆ ಅವರ ಹೆಂಡತಿ ಬಂದು, "ಸಿಸ್ಟರೇ, ಇವರು ಸಂಜೆ ಹಿಂಗಿರ್ಲಿಲ್ಲ" ಅಂದರು.

ಹಿಂಗೆ ಅಂದರೆ ಹೇಗೆ? ಅದನ್ನು ಹೇಳಲು ಅವರಿಗೆ ಬರಲಿಲ್ಲ. ನಾನು ಚಾರ್ಟ್ ನೋಡಿದೆ. ಬಿಪಿ 114/70. ಪಲ್ಸ್ 104, ಸ್ಯಾಚುರೇಶನ್ ಅಂದರೆ ರಕ್ತದ ಆಕ್ಸಿಜನ್ ಮಟ್ಟ 95, ಜ್ವರ 100. ಉಸಿರು ನಿಮಿಷಕ್ಕೆ 20. ಗಾಬರಿ ಬೀಳುವಂಥದ್ದು ಏನೂ ಇಲ್ಲ ಅಂತ ಹೇಳಿ ಕಳಿಸುವವಳಿದ್ದೆ. ಆದರೆ ಆಕೆ ಹೋಗಲಿಲ್ಲ, ಅಲ್ಲೇ ನಿಂತರು.

ಎದ್ದು ಹೋಗಿ ನಾಡಿ ನೋಡುವವಳ ಹಾಗೆ ಕೈ ಹಿಡಿದು ಎದೆ ನೋಡುತ್ತಾ ಎಣಿಸಿದೆ. ಉಸಿರು ಎಣಿಸುತ್ತಿದ್ದೇವೆ ಅಂತ ಗೊತ್ತಾದರೆ ರೋಗಿ ಉಸಿರಾಡುವ ರೀತಿಯೇ ಬದಲಾಗುತ್ತದೆ, ಅದಕ್ಕೇ ಈ ನಾಟಕ. ಪೂರ್ತಿ ಒಂದು ನಿಮಿಷಕ್ಕೆ 28.

ಚಾರ್ಟ್‌ನಲ್ಲಿ ಬೆಳಿಗ್ಗೆ 20, ಮಧ್ಯಾಹ್ನ 20, ಒಂಬತ್ತು ಗಂಟೆಗೂ 20. ಕೊನೆಯದು ನನ್ನದೇ ಅಕ್ಷರ. ಪಕ್ಕದ ಬೆಡ್‌ಗಳ ಚಾರ್ಟ್ ತಿರುವಿದೆ. ಎಲ್ಲರದ್ದೂ 20. ಯಾರೂ ಎಣಿಸಿರಲಿಲ್ಲ. ಬಿಪಿಗೆ ಮಿಷಿನ್ ಇದೆ, ಸ್ಯಾಚುರೇಶನ್‌ಗೆ ಬೆರಳಿಗೆ ಕ್ಲಿಪ್ ಇದೆ. ಉಸಿರಿಗೆ ಮಾತ್ರ ಒಂದು ನಿಮಿಷ ಸುಮ್ನೆ ನಿಲ್ಲಬೇಕು. ಮೂವತ್ತು ರೋಗಿಗೆ ಇಬ್ಬರಿದ್ದಾಗ ಆ ನಿಮಿಷ ಎಲ್ಲಿಂದ ತರೋದು, ನೀವೇ ಹೇಳಿ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ನ್ಯೂಸ್ (NEWS, ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಎಂಬ ಅಂಕದ ಪಟ್ಟಿ ಇದೆ. ರೋಗಿ ಕೆಡುತ್ತಿರುವುದನ್ನು ಬೇಗ ಹಿಡಿಯಲು ಮಾಡಿದ್ದು. ಅದರಲ್ಲಿ ಈ ರೋಗಿಯ ಪಲ್ಸ್‌ಗೆ 1, ಸ್ಯಾಚುರೇಶನ್‌ಗೆ 1. ಉಸಿರು 20 ಅಂತ ಬರೆದರೆ ಸೊನ್ನೆ, ಒಟ್ಟು 2. ಉಸಿರು 25 ಮುಟ್ಟಿದರೆ ಅದೊಂದಕ್ಕೇ 3, ಒಟ್ಟು 5. ಐದಾದರೆ ಡಾಕ್ಟರ್ ತಕ್ಷಣ ಬರಬೇಕು. ಬಿಪಿಯನ್ನೇ ನಂಬಿ ಕೂತರೆ ಕೆಟ್ಟೆವು. ಸೋಂಕು ಮೈಯೆಲ್ಲಾ ಹರಡುವಾಗ ಎಷ್ಟೋ ಸಲ ಮೊದಲು ಜೋರಾಗುವುದು ಉಸಿರು, ಬಿಪಿ ಬೀಳುವುದು ತಡವಾಗಿ.

ಡಾಕ್ಟರನ್ನು ಎಬ್ಬಿಸಿದೆ. ಆಕ್ಸಿಜನ್, ಡ್ರಿಪ್, ಆಂಟಿಬಯೋಟಿಕ್ ಶುರುವಾಯಿತು. ಬೆಳಕು ಹರಿಯುವ ಮುಂಚೆ ಆಂಬುಲೆನ್ಸ್ ಮೈಸೂರಿಗೆ ಹೊರಟಿತು. ಇಲ್ಲಿಂದ ಸುಮಾರು ಮೂರು ಗಂಟೆ ದಾರಿ, ಮರ ಬಿದ್ದರೆ ಲೆಕ್ಕವೇ ಇಲ್ಲ. ಇಲಿ ಜ್ವರ ಅಂತ ಆಮೇಲೆ ಗೊತ್ತಾಯಿತು. ಬದುಕಿದರು.

ಈಗ ಡ್ಯೂಟಿಗೆ ಬಂದ ಕೂಡಲೇ ಚಾರ್ಟ್‌ಗಳನ್ನು ಸಾಲಾಗಿ ತಿರುವುತ್ತೇನೆ. ನಾಲ್ಕು ಬೆಡ್‌ಗೆ ಒಂದೇ ಉಸಿರು ಕಂಡರೆ ನಾನೇ ಹೋಗಿ ಎಣಿಸುತ್ತೇನೆ. ಮನೆಯವರು "ಏನೋ ಸರಿ ಇಲ್ಲ" ಅಂದರೆ ಅದನ್ನೂ ಟೈಮ್ ಹಾಕಿ ಅವರ ಮಾತಲ್ಲೇ ಬರೆಯುತ್ತೇನೆ. ಮೊದಮೊದಲು ನಮ್ಮ ಡಾಕ್ಟರ್ ನಗುತ್ತಿದ್ದರು. ಈಗ ರೌಂಡ್ಸ್‌ಗೆ ಬಂದರೆ ಬೆಡ್ ಪಕ್ಕ ಕೂತವರ ಕಡೆ ತಿರುಗಿ, "ನಿಮಗೆ ಹೇಗೆ ಕಾಣ್ತಾರೆ?" ಅಂತ ಅವರೇ ಕೇಳುತ್ತಾರೆ.