ಒದ್ದೆ ಪ್ಯಾಡ್ ಎಲ್ಲಿ ಹಾಕಬೇಕು?

ನನಗೀಗ 69. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆ. ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಗಿ ಏಳು ತಿಂಗಳ ಹಿಂದೆ ಗ್ರಂಥಿಯನ್ನೇ ತೆಗೆಸಿಕೊಂಡೆ. ಕ್ಯಾನ್ಸರ್ ಮತ್ತೆ ಬಂದಿದೆಯಾ ಅಂತ ನೋಡುವ ಪಿಎಸ್ಎ ರಕ್ತಪರೀಕ್ಷೆಯ ರಿಪೋರ್ಟ್ ಚೆನ್ನಾಗಿದೆ. ಅದನ್ನು ಎಲ್ಲರೂ ಕೇಳುತ್ತಾರೆ, ನಾನೂ ಹೇಳುತ್ತೇನೆ. ಉಚ್ಚೆ ಸೋರುವ ವಿಷಯ ಮಾತ್ರ ಯಾರೂ ಕೇಳುವುದಿಲ್ಲ, ನಾನೂ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ಆಪರೇಷನ್ ಆಗಿ ಹತ್ತನೇ ದಿನ ಕ್ಯಾಥೆಟರ್, ಅಂದರೆ ಉಚ್ಚೆ ಹೋಗಲು ಹಾಕಿದ್ದ ನಳಿಕೆ, ತೆಗೆದರು. ಮಂಚದಿಂದ ಇಳಿದು ನಿಂತೆ ಅಷ್ಟೇ, ಬೆಚ್ಚಗೆ ಕಾಲಗುಂಟ ಇಳಿದು ಚಪ್ಪಲಿ ತೊಯ್ದುಹೋಯಿತು. ತಡೆಯೋಣ ಅಂದರೆ ಯಾವುದನ್ನು ಬಿಗಿ ಹಿಡಿಯಬೇಕು ಅನ್ನುವುದೇ ತಿಳಿಯಲಿಲ್ಲ. ಹೆಂಡತಿ ಮಾತಾಡದೆ ಟವೆಲ್ ಕೊಟ್ಟು, ಬಾಗಿಲು ಮುಂದೆ ಮಾಡಿ ಬಂದಳು. ಆಪರೇಷನ್ನಿಗೆ ಮುಂಚೆ "ಸ್ವಲ್ಪ ದಿನ ಲೀಕ್ ಆಗುತ್ತೆ" ಅಂತ ಒಂದೇ ಒಂದು ಮಾತು ಹೇಳಿದ್ದರು. ಅಷ್ಟು ಸಾಲದು. ಆ ಒಂದು ಮಾತಿನಲ್ಲಿ ನನ್ನ ಎಷ್ಟು ತಿಂಗಳುಗಳು ಅಡಗಿದ್ದವು ಅಂತ ನೆನೆದರೆ ಈಗಲೂ ಬೇಜಾರಾಗುತ್ತದೆ.

ಯಾಕೆ ಹೀಗಾಗುತ್ತದೆ ಅಂತ ಫಿಸಿಯೋ ಹೇಳಿದಳು. ಉಚ್ಚೆ ತಡೆಯಲು ನಮಗೆ ಎರಡು ಬಾಗಿಲು. ಮೇಲಿನದು ಮೂತ್ರಚೀಲದ ಕತ್ತಿನಲ್ಲಿದೆ, ತಾನಾಗೇ ಮುಚ್ಚಿಕೊಂಡಿರುತ್ತದೆ. ಪ್ರಾಸ್ಟೇಟ್ ತೆಗೆಯುವಾಗ ಅದಕ್ಕೆ ಪೆಟ್ಟು ಬೀಳುತ್ತದೆ. ಇನ್ನು ಕೆಳಗಿನದೊಂದೇ ಎಲ್ಲ ಹೊರಬೇಕು, ಅದಕ್ಕೋ ಅಭ್ಯಾಸವಿಲ್ಲ. ಅದನ್ನು ಗಟ್ಟಿ ಮಾಡಲು ಕೆಗೆಲ್ ವ್ಯಾಯಾಮ. ನಾಲ್ಕು ಜನರ ನಡುವೆ ಗಾಳಿ ಬರುವ ಹಾಗಾದರೆ ಹೇಗೆ ತಡೆಯುತ್ತೇವೋ ಹಾಗೆ ಒಳಗೆ ಎಳೆದುಕೊಳ್ಳಬೇಕು, ಹೊಟ್ಟೆ ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು, ಐದು ಎಣಿಸಿ ಪೂರ್ತಿ ಸಡಿಲ ಬಿಡಬೇಕು. ಕೆಮ್ಮು, ಸೀನು ಬರುವ ಮೊದಲು, ಕುರ್ಚಿಯಿಂದ ಏಳುವ ಮೊದಲು ಒಮ್ಮೆ ಎಳೆದುಕೊಂಡರೆ ಸೋರುವುದು ಎಷ್ಟೋ ಕಡಿಮೆ.

ನಾನು ಮಾಡಿದ ದೊಡ್ಡ ತಪ್ಪು ನೀರು ಬಿಟ್ಟಿದ್ದು. ಕುಡಿಯದಿದ್ದರೆ ಸೋರುವುದಿಲ್ಲ ಅಲ್ವಾ ಅಂದುಕೊಂಡೆ. ಉಚ್ಚೆ ಮಂದವಾಗಿ ಉರಿ ಶುರುವಾಯಿತು, ಅವಸರ ಇನ್ನೂ ಜಾಸ್ತಿಯಾಯಿತು, ಮಲಬದ್ಧತೆ ಬೇರೆ. ಈಗ ನೀರು ಸರಿಯಾಗಿ ಕುಡಿಯುತ್ತೇನೆ. ಕಾಫಿ ಮಾತ್ರ ಬೆಳಿಗ್ಗೆ ಒಂದೇ ಲೋಟ.

ನಾಲ್ಕು ತಿಂಗಳು ಮನೆ ಬಿಟ್ಟು ಹೊರಡಲಿಲ್ಲ. ಲೋಕಲ್ ಟ್ರೈನಿನಲ್ಲಿ ಟಾಯ್ಲೆಟ್ ಇಲ್ಲವಲ್ಲ, ಅದೇ ಭಯ. ಕೊನೆಗೆ ಒಂದು ಭಾನುವಾರ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ ಇದೆ ಅಂತ ಹೊರಟೆ. ಕಡು ಬಣ್ಣದ ಪ್ಯಾಂಟು, ಚೀಲದಲ್ಲಿ ಎರಡು ಪ್ಯಾಡು, ಒಂದು ಚಡ್ಡಿ. ಸ್ಲೋ ಗಾಡಿಯಲ್ಲಿ ಏನೂ ಆಗಲಿಲ್ಲ. ಸ್ಟೇಷನ್ ಸೇತುವೆ ಹತ್ತುವಾಗ ಸೋರಿತು. ದಾರಿಯಲ್ಲಿ ಒಂದು ಹೋಟೆಲಿಗೆ ಹೊಕ್ಕು ಪ್ಯಾಡ್ ಬದಲಾಯಿಸಿದೆ. ಒದ್ದೆಯಾದದ್ದನ್ನು ಹಾಕೋಣ ಅಂದರೆ ಗಂಡಸರ ಟಾಯ್ಲೆಟ್ಟಿನಲ್ಲಿ ಕಸದ ಬುಟ್ಟಿಯೇ ಇಲ್ಲ! ಕಮೋಡಿಗೆ ಹಾಕುವಂತಿಲ್ಲ, ಮೂಲೆಯಲ್ಲಿ ಬಿಟ್ಟು ಬರಲು ಮನಸ್ಸು ಒಪ್ಪಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಗಂಟು ಹಾಕಿ, ಮತ್ತೊಂದು ಕವರಿನಲ್ಲಿಟ್ಟು, ಛತ್ರಿಯ ಜೊತೆ ಚೀಲಕ್ಕೆ ಹಾಕಿಕೊಂಡೆ. ಎರಡು ಗಂಟೆ ಹಾಡು ಕೇಳುತ್ತಾ ಆ ಚೀಲವನ್ನು ಕಾಲ ಸಂದಿಯಲ್ಲಿ ಒತ್ತಿ ಹಿಡಿದು ಕೂತಿದ್ದೆ, ಪಕ್ಕದವರಿಗೆ ವಾಸನೆ ಹೋದೀತು ಅಂತ.

ಈಗ ರಾತ್ರಿ ಸೋರುವುದಿಲ್ಲ. ಹಗಲಿಗೆ ಒಂದೇ ಪ್ಯಾಡ್. ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತೇನೆ, ಒಣ ಪ್ಯಾಡಿಗಿಂತ ಜಾಸ್ತಿಯಾದ ಒಂದು ಗ್ರಾಂ ಅಂದರೆ ಸುಮಾರು ಒಂದು ಮಿಲಿ. ನಿನ್ನೆ 22 ಗ್ರಾಂ. ವರ್ಷ ಕಳೆದರೂ ತುಂಬಾ ಸೋರಿದರೆ ಸ್ಲಿಂಗ್ (ಮೂತ್ರನಾಳಕ್ಕೆ ಆಸರೆ ಕೊಡುವ ಪಟ್ಟಿ), ಕೃತಕ ಕವಾಟ ಅಂತ ಬೇರೆ ಆಪರೇಷನ್‌ಗಳಿವೆ.

ಹೋದ ವಾರ ಅದೇ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದವರಿಗೆ ಒಂದು ಮುಚ್ಚಳದ ಬುಟ್ಟಿ ಇಡಿ ಅಂದೆ. ಗಂಡಸರಿಗೆ ಯಾಕೆ ಅಂದರು. ಪಕ್ಕದಲ್ಲಿ ಜನ ಇದ್ದರು. ಆದರೂ ಹೇಳಿದೆ, ಆಪರೇಷನ್ ಆಗಿದೆ, ಪ್ಯಾಡ್ ಹಾಕುತ್ತೇನೆ ಅಂತ. ಹ್ಞೂಂ ಅಂದಿದ್ದಾರೆ. ಭಾನುವಾರ ಹೋಗಿ ನೋಡುತ್ತೇನೆ, ಇಟ್ಟಿಲ್ಲದಿದ್ದರೆ ಮತ್ತೆ ಕೇಳುತ್ತೇನೆ.