ಡೋಸ್ ಏರಿಸುವ ಮೊದಲು ಕೇಳಲೇಬೇಕಾದ ಪ್ರಶ್ನೆ

ನಾನು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್‌ಗೆ ಮಾತ್ರೆ ತಗೊಳ್ಳುವವರು ಕೌಂಟರಿಗೆ ಬಂದರೆ "ನೋವು ಎಷ್ಟಿದೆ?" ಅಂತ ಈಗ ಕೇಳುವುದಿಲ್ಲ. "ಕಾಲಿನ ಚಡಪಡಿಕೆ ಎಷ್ಟು ಹೊತ್ತಿಗೆ ಶುರುವಾಗುತ್ತೆ?" ಅಂತ ಕೇಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಈ ಪ್ರಶ್ನೆಯನ್ನೇ.

ಈ ತೊಂದರೆ ಇರುವವರಿಗೆ ಸುಮ್ನೆ ಕೂತರೆ ಸಾಕು, ಕಾಲು ಆಡಿಸಲೇಬೇಕು ಅನ್ನಿಸುತ್ತದೆ. ಎದ್ದು ಓಡಾಡಿದರೆ ಸ್ವಲ್ಪ ನಿರಾಳ. ಸಂಜೆ, ರಾತ್ರಿ ಕಾಟ ಜಾಸ್ತಿ. ಬಹಳ ಕಾಲ ಇದಕ್ಕೆ ಮೊದಲು ಕೊಡುತ್ತಿದ್ದದ್ದು ಪ್ರಾಮಿಪೆಕ್ಸೋಲ್, ರೋಪಿನಿರೋಲ್ ತರಹದ, ಮಿದುಳಿನ ರಾಸಾಯನಿಕವಾದ ಡೋಪಮೈನ್‌ನಂತೆ ಕೆಲಸ ಮಾಡುವ ಮಾತ್ರೆಗಳನ್ನು. ಶುರುವಿನಲ್ಲಿ ಇವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಅದಕ್ಕೇ ಜನ ನಂಬುತ್ತಾರೆ.

ತೊಡಕು ಬರುವುದು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ. ಒಬ್ಬ ಹಿರಿಯರು ಹೇಳಿದ್ದು ನೆನಪಿದೆ: "ಮೊದಲೆಲ್ಲ ಮಲಗಿದ ಮೇಲೆ ಬರ್ತಿತ್ತು. ಈಗ ಮಧ್ಯಾಹ್ನ ಕುರ್ಚಿ ಮೇಲೆ ಕೂತ್ರೂ ಬರುತ್ತೆ. ಕೈಗೂ ಹತ್ತಿದೆ. ಡಾಕ್ಟ್ರಿಗೆ ಹೇಳಿ ಇನ್ನೊಂದು ಮಾತ್ರೆ ಜಾಸ್ತಿ ಮಾಡಿಸಿಕೊಡಿ." ಇದನ್ನು ವೈದ್ಯರು ಆಗ್ಮೆಂಟೇಶನ್ ಅನ್ನುತ್ತಾರೆ. ರೋಗವನ್ನು ಹೆಚ್ಚಿಸುತ್ತಿರುವುದು ಮಾತ್ರೆಯೇ. ಡೋಸ್ ಏರಿಸಿದರೆ ಕೆಲವು ದಿನ ಹಾಯೆನಿಸುತ್ತದೆ, ಆಮೇಲೆ ಇನ್ನೂ ಹದಗೆಡುತ್ತದೆ. ಜೂಜು, ವಿಪರೀತ ಖರೀದಿಯಂಥ ಚಟ ಹತ್ತುವ ಅಪಾಯವೂ ಈ ಗುಂಪಿನ ಔಷಧಿಗಳಿಗಿದೆ. ಇದನ್ನು ಮನೆಯವರಿಗೂ ಹೇಳಲೇಬೇಕು. ಹಾಗಂತ ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಕಾಲಿನ ಕಾಟ ತಡೆಯಲಾರದಷ್ಟು ಉಲ್ಬಣಿಸಬಹುದು. ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಹಾಗಾದರೆ ಬೇರೆ ದಾರಿ ಏನು? ಮೊದಲನೆಯದು ಕಬ್ಬಿಣಾಂಶ. ಹಿಮೋಗ್ಲೋಬಿನ್ ಸರಿಯಿದೆ ಅಂತ ಸುಮ್ಮನಾಗುವ ಹಾಗಿಲ್ಲ. ದೇಹದಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವುದು ಫೆರಿಟಿನ್ ಎಂಬ ರಕ್ತಪರೀಕ್ಷೆ. ಬೇರೆಯವರಲ್ಲಿ ಸಹಜ ಅನ್ನಿಸುವ ಮಟ್ಟ ಇವರಿಗೆ ಸಾಲದು. ದೊಡ್ಡವರಲ್ಲಿ ಫೆರಿಟಿನ್ ಮಿಲಿಲೀಟರಿಗೆ 75 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ ಕೊಡುವುದುಂಟು. 100ರ ಒಳಗಿದ್ದರೆ ರಕ್ತನಾಳದ ಮೂಲಕ ಕೊಡುವ ಬಗ್ಗೆಯೂ ವೈದ್ಯರು ಯೋಚಿಸುತ್ತಾರೆ. ಪರೀಕ್ಷೆಗೆ ಬೆಳಿಗ್ಗೆ ರಕ್ತ ಕೊಟ್ಟರೆ ಒಳ್ಳೆಯದು, ಹಿಂದಿನ 24 ಗಂಟೆ ಕಬ್ಬಿಣದ ಮಾತ್ರೆ ಬಿಟ್ಟಿರಬೇಕು. ಮೈಯಲ್ಲಿ ಸೋಂಕು, ಉರಿಯೂತ ಇದ್ದರೆ ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸುತ್ತದೆ.

ಎರಡನೆಯದು ನರಗಳ ಮೇಲೆ ಕೆಲಸ ಮಾಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಔಷಧಿಗಳು. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2025ರಲ್ಲಿ ಹೊರತಂದ ಮಾರ್ಗಸೂಚಿ ಇವನ್ನೇ ಮುಂದಿಟ್ಟು, ಡೋಪಮೈನ್ ಗುಂಪನ್ನು ಮಾಮೂಲಿಯಾಗಿ ಬಳಸದಿರಿ ಅಂತ ಸೂಚಿಸಿದೆ. ಇವುಗಳಲ್ಲಿ ಆಗ್ಮೆಂಟೇಶನ್ ಭಯ ತೀರಾ ಕಡಿಮೆ. ಆದರೆ ತೊಂದರೆಯೇ ಇಲ್ಲ ಅಂತಲ್ಲ. ತಲೆ ಸುತ್ತು, ಮಂಪರು, ಪಾದದ ಊತ, ತೂಕ ಏರುವುದು, ಕೆಲವರಿಗೆ ಮನಸ್ಸು ಕುಗ್ಗುವುದು. ವಯಸ್ಸಾದವರು ರಾತ್ರಿ ಎದ್ದು ಬೀಳಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಡೋಸ್ ಇಳಿಸಬೇಕು. ಓಪಿಯಾಯ್ಡ್ (ಅಫೀಮಿನ ಜಾತಿಯ ನೋವುನಿವಾರಕ) ಅಥವಾ ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ಕುತ್ತು. ಯಾವುದಕ್ಕೂ ಬಗ್ಗದಿದ್ದಾಗ ಕಡಿಮೆ ಡೋಸಿನ ಓಪಿಯಾಯ್ಡ್ ಕೊಡುವುದೂ ಇದೆ, ಅದು ತಜ್ಞರ ಕಣ್ಗಾವಲಿನಲ್ಲಿ ಮಾತ್ರ.

ಇಷ್ಟಕ್ಕೂ ಕೆಲವರಿಗೆ ಹೊಸ ಔಷಧಿಯೇ ಬೇಕಾಗುವುದಿಲ್ಲ. ಒಬ್ಬ ಅಮ್ಮ ತಮ್ಮ ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಕೌಂಟರಿನ ಮೇಲೆ ಸುರಿದರು. ನಿದ್ದೆ ಬರಲಿ ಅಂತ ತಾವೇ ಕೊಂಡು ನುಂಗುತ್ತಿದ್ದ ಡೈಫೆನ್‌ಹೈಡ್ರಮೈನ್ ಅದರಲ್ಲಿತ್ತು, ಚೀಟಿಯಲ್ಲಿ ಅದರ ಸುಳಿವೇ ಇರಲಿಲ್ಲ. ಮಂಪರು ತರಿಸುವ ಇಂಥ ಅಲರ್ಜಿ ಮಾತ್ರೆ, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಖಿನ್ನತೆಯ ಹಲವು ಔಷಧಿಗಳು ಕಾಲಿನ ಕಾಟವನ್ನು ಕೆರಳಿಸುತ್ತವೆ. ಖಿನ್ನತೆಯ ಮಾತ್ರೆಯನ್ನಂತೂ ಸ್ವಂತವಾಗಿ ಬಿಡಬಾರದು, ಬದಲಿ ಉಂಟಾ ಅಂತ ವೈದ್ಯರನ್ನೇ ಕೇಳಬೇಕು. ಆ ಅಮ್ಮನ ವೈದ್ಯರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಆ ನಿದ್ದೆ ಮಾತ್ರೆ ನಿಲ್ಲಿಸಿ, ಫೆರಿಟಿನ್ ಪರೀಕ್ಷೆಗೆ ಬರೆದರು. ಡೋಸ್ ಏರಿಸುವ ಮಾತು ಆವತ್ತು ಅಲ್ಲಿಗೇ ನಿಂತಿತು.